ಗಾದ್ರಮ್ಮ ಮೂರು ಸಲ ಓದಿಸಿದ ಚೀಟಿ

ನ್ಯಾಮತಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದ ಗಾದ್ರಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಹೀಗೆಂದರೆ ಅವಳ ಮೇಲೆ ಚಾಡಿ ಹೇಳಿದಂತಲ್ಲ, ಅವಳೇ ಎದೆ ತಟ್ಟಿಕೊಂಡು ಹೇಳುತ್ತಿದ್ದ ಮಾತದು. ಗಾಣದಿಂದ ಎಣ್ಣೆ ಬಂದರೆ ಅಂಗೈಗೆ ಹಾಕಿ ಉಜ್ಜಿ, ಮೂಸಿ, ನಾಲಿಗೆಗೆ ಮುಟ್ಟಿಸಿ, ಅಷ್ಟಾದ ಮೇಲೂ "ಏನೋ ಬೆರೆಸಿದಾನೆ, ಏನು ಅಂತ ಗೊತ್ತಾಗ್ತಿಲ್ಲ ಅಷ್ಟೆ" ಅನ್ನುತ್ತಿದ್ದಳು. ಹೊನ್ನಾಳಿಗೆ ಹೋಗುವ ಬಸ್ಸು ಯಾವುದೆಂದು ಡ್ರೈವರನ್ನು ಒಂದು ಸಲ, ಕಂಡಕ್ಟರನ್ನು ಒಂದು ಸಲ ಕೇಳಿ, ಒಳಗೆ ಕೂತ ಮೇಲೆ ಪಕ್ಕದವರನ್ನು ಇನ್ನೊಂದು ಸಲ ಕೇಳುತ್ತಿದ್ದಳು. ಗಂಡ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಒಬ್ಬನೇ ಮಗ ಜಯಪ್ಪ ಕರೆಂಟಿನ ಲೈನ್‌ಮನ್. ಅವ್ವನ ಅನುಮಾನದ ಮಾತು ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗುತ್ತಿತ್ತು.

ನಕ್ಕುಬಿಡುವುದು ಸುಲಭ. ಆದರೆ ಎಪ್ಪತ್ತಾರನೇ ಇಸವಿಯಲ್ಲಿ ಆದದ್ದನ್ನು ಕೇಳಿದರೆ ನಗು ಬರುವುದಿಲ್ಲ. ಅವಳ ತಮ್ಮ ಚಿಕ್ಕಹನುಮಂತಪ್ಪ ಬಸವಾಪಟ್ಟಣದಲ್ಲಿ ಕೂಲಿ ಮಾಡಿಕೊಂಡಿದ್ದ. ಮದುವೆಯಾಗಿ ಒಂದು ವರ್ಷ, ಇನ್ನೂ ಮಕ್ಕಳಿರಲಿಲ್ಲ. ಒಂದು ದಿನ ಸಂತೆಗೆಂದು ಹೋದವನನ್ನು ಯಾರೋ ಜೀಪಿಗೆ ಹತ್ತಿಸಿಕೊಂಡು ಹೋಗಿ, ಮಕ್ಕಳಾಗದಂತೆ ಆಪರೇಷನ್ ಮಾಡಿ, ಸಂಜೆಗೆ ಅದೇ ಜೀಪಿನಲ್ಲಿ ತಂದು ಇಳಿಸಿದರು. ನಿನಗೆಷ್ಟು ಮಕ್ಕಳು, ನಿನಗೆ ಒಪ್ಪಿಗೆಯೇ ಎಂದು ಯಾರೂ ಅವನನ್ನು ಕೇಳಲಿಲ್ಲ. ಅಂದಿನಿಂದ ಎಷ್ಟೋ ವರ್ಷ ಅವನು ಯಾವ ಆಸ್ಪತ್ರೆಯ ಗೇಟನ್ನೂ ದಾಟಲಿಲ್ಲ. ಗಾದ್ರಮ್ಮನಿಗೆ ಅವತ್ತು ಹೊಟ್ಟೆಗೆ ಬಿದ್ದ ಕಿಚ್ಚು ಕೊನೆತನಕ ಆರಲಿಲ್ಲ.

ಮರುವರ್ಷ ಜಯಪ್ಪನಿಗೆ ಜಗಳೂರಿನ ಓಬವ್ವನನ್ನು ತಂದರು. ಹುಡುಗಿ ನಾಲ್ಕನೇ ಕ್ಲಾಸು ಓದಿದ್ದಳು, ಮಾತು ಕಡಿಮೆ, ಕೆಲಸ ಚುರುಕು. ಎಪ್ಪತ್ತೆಂಟರಲ್ಲಿ ಚೊಚ್ಚಿಲ ಹೆರಿಗೆಗೆ ತವರಿಗೆ ಹೋದಳು. ಚೊಚ್ಚಿಲದ್ದು ತವರಿನವರ ಪಾಲು, ಗಂಡನ ಮನೆಯವರು ತೊಟ್ಟಿಲ ಶಾಸ್ತ್ರಕ್ಕೆ ಹೋದರೆ ಮುಗಿಯಿತು. ಅಲ್ಲಿ ಏನಾಯಿತು, ಹೇಗಾಯಿತು ಎಂದು ಕೆದಕಿ ಕೇಳುವುದು ಮರ್ಯಾದೆಯಲ್ಲ. ಹಾಗಾಗಿ ಐದನೇ ತಿಂಗಳಲ್ಲಿ ಹೆಣ್ಣುಮಗುವನ್ನೆತ್ತಿಕೊಂಡು ಬಂದ ಸೊಸೆ ನೀರಿನ ಕೊಡ ಎತ್ತುವಾಗ ಹೊಕ್ಕುಳ ಕೆಳಗಿನ ಉದ್ದ ಹೊಲಿಗೆ ಕಂಡಾಗಲೇ ಗಾದ್ರಮ್ಮನಿಗೆ ಸಂಗತಿ ಗೊತ್ತಾದದ್ದು.

"ಇದೇನೇ ಇದು?"

"ದಾವಣಗೆರೆಯಾಗೆ ಕೊಯ್ದು ತೆಗೆದ್ರು ಅತ್ತೆ. ನಿಮ್ಮ ಮಗನಿಗೆ ಹೇಳೀನಿ."

ಮಗ ತನಗೆ ಹೇಳಿರಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ಅದೇ ಆಯಿತು. ಮೊದಲು, ಮತ್ತಿನಲ್ಲಿದ್ದವಳ ಮಗ್ಗುಲಿಗೆ ಬೇರೆ ಯಾರದೋ ಮಗು ಮಲಗಿಸಿರಬಹುದೆಂದು ಅನುಮಾನ ಬಂತು. ಮಗುವಿನ ಕಿವಿ ಥೇಟ್ ಜಯಪ್ಪನದೇ ಇದ್ದದ್ದರಿಂದ ಆ ಅನುಮಾನ ಹೆಚ್ಚು ದಿನ ಬಾಳಲಿಲ್ಲ. ಆಮೇಲೆ ಬಂದದ್ದು ಗಟ್ಟಿಯಾಗಿ ನಿಂತಿತು. ಹೊಟ್ಟೆ ಕೊಯ್ದವರು ಸುಮ್ಮನೆ ಹೊಲಿದು ಕಳಿಸುತ್ತಾರೆಯೇ? ತಮ್ಮನಿಗೆ ಮಾಡಿದ್ದನ್ನು ಇವಳಿಗೂ ಮಾಡಿರಬೇಕು. ಎರಡು ವರ್ಷ ಸೊಸೆ ಬಸುರಾಗದಿದ್ದಾಗ ಗಾದ್ರಮ್ಮ ಇದನ್ನು ಅಂಗಡಿಗೆ ಬಂದವರ ಮುಂದೆಲ್ಲ ಹೇಳಿದಳು. "ಆಸ್ಪತ್ರೆ ಒಳಗೆ ಕಾಲಿಟ್ರೆ ಬೇರು ಸಮೇತ ಕಿತ್ತು ಕಳಿಸ್ತಾರೆ" ಎಂದು ಓಬವ್ವನ ಎದುರಿಗೇ ನೂರು ಸಲ ಅಂದಳು. ಮೂರು ವರ್ಷದ ಅಂತರವಿರಲಿ ಎಂದು ಡಾಕ್ಟರು ಹೇಳಿದ್ದರಂತೆ, ಗಂಡ ಹೆಂಡತಿ ಅದನ್ನು ಪಾಲಿಸುತ್ತಿದ್ದರು. ಅದನ್ನು ಅತ್ತೆಯ ಮುಂದೆ ಬಾಯಿಬಿಡುವ ಧೈರ್ಯ ಯಾರಿಗಿತ್ತು?

ಎಂಬತ್ತೊಂದರಲ್ಲಿ ಓಬವ್ವ ಬಸುರಾದಳು. ಎಲ್ಲರಿಗೂ ಸಂತೋಷ. ಮೂರು ವರ್ಷ ಸಾಕಿದ ಅನುಮಾನ ಹೀಗೆ ಕೈಕೊಟ್ಟಿತಲ್ಲ ಎಂದು ಗಾದ್ರಮ್ಮನಿಗೆ ಮಾತ್ರ ಒಳಗೊಳಗೇ ಕೊಂಚ ಕಸಿವಿಸಿ. ಆದರೆ ಅವಳಂಥವರು ಬಹಳ ದಿನ ಬರಿಗೈಯಲ್ಲಿ ಇರುವುದಿಲ್ಲ.

ಎರಡನೇ ಹೆರಿಗೆ ಗಂಡನ ಮನೆಯಲ್ಲಿ. ಸೂಲಗಿತ್ತಿ ಲಕ್ಷ್ಮಮ್ಮ ಏಳನೇ ತಿಂಗಳಲ್ಲಿ ಬಂದು ಹೊಟ್ಟೆ ಸವರಿ ನೋಡಿ, "ಮಗು ನೆಟ್ಟಗೈತೆ. ದಾರಿ ಬಿಟ್ಟೈತೆ ಕಣವ್ವ, ಎರಡನೇದು ತಾನಾಗೇ ಬರ್ತೈತೆ" ಅಂದಳು. ಲಕ್ಷ್ಮಮ್ಮನ ಕೈಗುಣದ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಗಾದ್ರಮ್ಮ ಎಲೆ ಅಡಿಕೆ ಮುಂದಿಟ್ಟು ಕೇಳಿದಳು:

"ಲಕ್ಷ್ಮಮ್ಮಾ, ಕೊಯ್ದ ಹೊಟ್ಟೆ ಹೆರಿಗೆ ನೀನು ಎಷ್ಟು ಮಾಡೀಯ?"

"ಈ ಊರಾಗೆ ಅರ್ಧ ಜನ ನನ್ನ ಕೈ ಮೇಲೆ ಬಿದ್ದೋರೇ."

"ಅದಲ್ಲ ನಾನು ಕೇಳಿದ್ದು. ಕೊಯ್ದ ಹೊಟ್ಟೇದು?"

ಲಕ್ಷ್ಮಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಕೂತಳು. ಕೊನೆಗೆ, "ಹೊಟ್ಟೆ ಹೊಟ್ಟೇನೇ ಅಲ್ಲೇನವ್ವ?" ಅಂದಳು. ಗಾದ್ರಮ್ಮನ ಕಿವಿ ನೆಟ್ಟಗಾಯಿತು. ಮಾತು ಸುತ್ತಿ ಬಳಸಿ ಬಂದರೆ ಅದರೊಳಗೆ ಏನೋ ಇದೆ ಎಂದೇ ಲೆಕ್ಕ. ಸೊಸೆಯನ್ನು ಕರೆದು ಅವತ್ತು ನಿನ್ನನ್ನು ಕೊಯ್ದದ್ದು ಏಕೆ ಎಂದು ಮೊದಲ ಸಲ ಸರಿಯಾಗಿ ಕೇಳಿದಳು. "ನೀರೆಲ್ಲಾ ಹೋಗಿತ್ತು ಅತ್ತೆ, ಆಮೇಲೆ ನನಗೆ ಮತ್ತು ಕೊಟ್ರು" ಎಂದಳು ಓಬವ್ವ. ಅಷ್ಟು ಸಾಲದೆ ಗಾದ್ರಮ್ಮ ಅಂಗಡಿಗೆ ಬಾಗಿಲು ಹಾಕಿ ಜಗಳೂರಿನ ಬಸ್ಸು ಹಿಡಿದಳು.

ಬೀಗತಿ ಹೊನ್ನೂರಮ್ಮ ಹೇಳಿದ್ದು ಬೇರೆ: "ಕೂಸು ಅಡ್ಡ ಮಲಗಿತ್ತು ಬೀಗ್ರೇ." ಓಬವ್ವನ ಅಣ್ಣ ಹೇಳಿದ್ದು ಇನ್ನೊಂದು: "ನಾವು ಹೋಗಿದ್ದು ತಡ ಆಯ್ತು, ಅದಕ್ಕೇ ಕೊಯ್ದ್ರು." ಒಂದು ಹೊಟ್ಟೆ, ಮೂರು ಬಾಯಿ, ಮೂರು ಕಾರಣ. ಹೆಣ್ಣಿಗೆ ಏನೋ ಊನವಿದೆ, ಅದನ್ನು ಮುಚ್ಚಿಟ್ಟು ತನ್ನ ಮಗನಿಗೆ ಕಟ್ಟಿದ್ದಾರೆ ಎಂದು ಗಾದ್ರಮ್ಮನಿಗೆ ಖಾತ್ರಿಯಾಯಿತು.

"ಆಸ್ಪತ್ರೆಯಿಂದ ಬಿಡುವಾಗ ಚೀಟಿ ಕೊಟ್ಟಿರ್ತಾರಲ್ಲ, ತೋರ್ಸ್ರಿ."

"ಚೀಟಿ... ಈಗಿಲ್ಲ ಬೀಗ್ರೇ."

"ಎಲ್ಲಿಟ್ಟಿದ್ರಿ?"

"ಓಬಿ ಸೀರೆ ಮಡಿಕೇಲಿತ್ತು."

"ಆ ಸೀರೆ ಎಲ್ಲೈತೆ?"

ಹೊನ್ನೂರಮ್ಮ ತಲೆ ತಗ್ಗಿಸಿದಳು. ಸೀರೆ ಎಲ್ಲಿ ಹೋಗಿದೆಯೆಂದು ಗಾದ್ರಮ್ಮನಿಗೆ ಹೇಳಬೇಕಾಗಿರಲಿಲ್ಲ. ಪುರುಡು ಕಳೆಯುವ ದಿನ ಬಾಣಂತಿ ಉಟ್ಟದ್ದು, ಹಾಸಿದ್ದು, ಹೊದ್ದದ್ದು ಎಲ್ಲ ಗಂಟು ಕಟ್ಟಿ ಮಡಿವಾಳರ ಮನೆಗೆ ಕೊಡುವುದು ಅವಳ ಮನೆಯಲ್ಲೂ ನಡೆದುಕೊಂಡು ಬಂದದ್ದೇ. ಎದ್ದು ಮಡಿವಾಳರ ಸುಂಕಲಮ್ಮನ ಮನೆ ಕೇಳಿಕೊಂಡು ಹೋದಳು.

ಸುಂಕಲಮ್ಮ ರೇಷನ್ ಕಾರ್ಡಿನ ಕವರಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. "ಮೊಹರು ಇತ್ತು ನೋಡ್ರವ್ವ, ಬಿಸಾಕಾಕೆ ಹೆದರಿಕೆ ಆಯ್ತು. ಅವತ್ತೇ ವಾಪಸು ಕೊಡಾಕೆ ಹೋಗಿದ್ದೆ. ಪುರುಡಿನ ಗಂಟಿನಾಗೆ ಹೋಗಿದ್ದು ತಿರುಗಿ ಹೊಸ್ತಿಲು ದಾಟಬಾರದು ಅಂತ ಹೊನ್ನೂರಮ್ಮಾರು ಒಳಗೆ ತಗೊಳ್ಲಿಲ್ಲ."

ಮೂರು ವರ್ಷ ಆ ಕಾಗದ ಅಕ್ಕಿ ಸಕ್ಕರೆಯ ಲೆಕ್ಕದ ಜೊತೆ ಬಿದ್ದಿತ್ತು. ಗಾದ್ರಮ್ಮ ಅದನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು. ಮುಟ್ಟು ಮೈಲಿಗೆ ಎಂದು ಅವಳಿಗೆ ಆ ಕ್ಷಣಕ್ಕೆ ನೆನಪಾಗಲಿಲ್ಲ.

ಚೀಟಿ ಇಂಗ್ಲಿಷಿನಲ್ಲಿತ್ತು. ಮಗನ ಕೈಗೆ ಕೊಟ್ಟರೆ ಹೆಂಡತಿಯ ಪರ ಓದುತ್ತಾನೆ. ದಾರಿಯಲ್ಲಿ ಹೊನ್ನಾಳಿಯಲ್ಲಿ ಇಳಿದು ಒಂದು ಔಷಧಿ ಅಂಗಡಿಯವನಿಗೆ ತೋರಿಸಿದಳು. ಅವನು ಗಿರಾಕಿಗೆ ಮಾತ್ರೆ ಕಟ್ಟುತ್ತಲೇ ಕಣ್ಣಾಡಿಸಿ, "ತಾಯಿ ಮಗು ಇಬ್ರೂ ಚೆನ್ನಾಗಿದಾರೆ ಅಂತೈತೆ. ಭಯ ಇಲ್ಲ ಹೋಗ್ರಿ" ಎಂದು ಕೊಟ್ಟುಬಿಟ್ಟ. ಬೇರೆಯವರಾಗಿದ್ದರೆ ಅಷ್ಟಕ್ಕೆ ಸಮಾಧಾನಪಟ್ಟು ಬಸ್ಸು ಹತ್ತುತ್ತಿದ್ದರು. ಗಾದ್ರಮ್ಮನ ಕಣ್ಣು ಅವನ ಬಾಯಿಯ ಮೇಲಿರಲಿಲ್ಲ, ಕೈಯ ಮೇಲಿತ್ತು. ಕಾಗದದ ಎರಡು ಬದಿಯಲ್ಲೂ ಬರಹವಿತ್ತು. ಅವನು ಹಿಂಬದಿ ತಿರುಗಿಸಲೇ ಇಲ್ಲ.

ಮರುವಾರ ಅವಳು ಸಾಸ್ವೆಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ಬಸವಾಪಟ್ಟಣಕ್ಕೆ ಹೋಗಿ ತಮ್ಮನನ್ನು ಜೊತೆಗೆ ಕರೆದುಕೊಂಡು ಚನ್ನಗಿರಿಗೆ ಹೋದಳು. ಅಲ್ಲಿ ಅವಳಿಗೆ ಯಾರ ಗುರುತೂ ಇರಲಿಲ್ಲ. ಅದಕ್ಕೇ ಆ ಊರನ್ನು ಆರಿಸಿದ್ದು. ಗುರುತಿಲ್ಲದವರಿಗೆ ಸುಳ್ಳು ಹೇಳಲು ಕಾರಣವಿರುವುದಿಲ್ಲ ಎನ್ನುವುದು ಅವಳ ವಾದ. ಚಿಕ್ಕಹನುಮಂತಪ್ಪ ಆಸ್ಪತ್ರೆಯ ಗೇಟಿನ ಹೊರಗೇ ನಿಂತ. ಒಳಗೆ ನಿರ್ಮಲಮ್ಮ ಎಂಬ ನರ್ಸು, ಕೂದಲು ನೆರೆತ ಗಟ್ಟಿ ಹೆಂಗಸು, ಚೀಟಿಯ ಮುಂಬದಿ ಓದಿ, ಹಿಂಬದಿ ಓದಿ, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು.

"ಇವಳೀಗ ಬಸುರಿಯೇನ್ರಿ?"

"ಏಳು ತುಂಬಿ ಎಂಟು."

"ಹೆರಿಗೆ ಎಲ್ಲಿ ಅಂತ ಮಾಡೀರಿ?"

"ಮನೇಲೇ."

"ಹಂಗಾದ್ರೆ ಸೊಸೆನ ಕಳ್ಕೊಂತೀರಿ" ಎಂದಳು ನಿರ್ಮಲಮ್ಮ, ದನಿ ಏರಿಸದೆ.

ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಮಗು ಅಡ್ಡ ಮಲಗಿತ್ತು. ನೀರು ಪೂರ್ತಿ ಹೋಗಿತ್ತು. ತಡವಾಗಿ ತಂದಿದ್ದರು. ಮೂರು ಬಾಯಿ ಹೇಳಿದ ಮೂರೂ ನಿಜ, ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೂರು ಗೊತ್ತಿತ್ತು, ಅಷ್ಟೆ. ಮಕ್ಕಳಾಗದಂತೆ ನಾಳವನ್ನೂ ಕಟ್ಟಿರಲಿಲ್ಲ. ಆದರೆ ಹಿಂಬದಿಯಲ್ಲಿದ್ದದ್ದು ಯಾರಿಗೂ ಗೊತ್ತಿರಲಿಲ್ಲ.

"ಸಾಮಾನ್ಯಕ್ಕೆ ಗರ್ಭಕೋಶನ ಕೆಳಗೆ ಅಡ್ಡಡ್ಡ ಕೊಯ್ತಾರೆ. ಅದು ಗಟ್ಟಿಯಾಗಿ ಕೂಡ್ಕೊಂತೈತೆ. ಅಂಥವರಲ್ಲಿ ಎಷ್ಟೋ ಜನಕ್ಕೆ ಎರಡನೇದು ಆಸ್ಪತ್ರೇಲಿ ತಾನಾಗೇ ಆಗ್ತೈತೆ, ಕೊಯ್ಯೋ ಅಗತ್ಯ ಇರಲ್ಲ. ಇವಳಿಗೆ ಮೇಲಿಂದ ಉದ್ದಕ್ಕೆ ಕೊಯ್ದಿದಾರೆ, ಮಗು ತೆಗೆಯಾಕೆ ಬೇರೆ ದಾರಿ ಇರಲಿಲ್ಲ. ನೋವು ಶುರುವಾದ್ರೆ ಆ ಗಾಯ ಬಿಟ್ಕೊಂಡ್ಬಿಡಬೌದು. ಬಿಟ್ರೆ ನ್ಯಾಮತಿಯಿಂದ ಶಿವಮೊಗ್ಗಕ್ಕೆ ಹೋಗೋತನಕ ತಡೆಯಲ್ಲ."

"ಹೊಟ್ಟೆ ಮೇಲಿನ ಹೊಲಿಗೆ ನಾನೇ ನೋಡೀನಿ. ಚೆನ್ನಾಗಿ ಮಾಗೈತೆ."

"ಹೊರಗಿನ ಹೊಲಿಗೆ ನೋಡಿ ಒಳಗಿಂದು ಹೇಳಾಕೆ ಆಗಲ್ಲಮ್ಮ. ಅದಕ್ಕೇ ಚೀಟಿ ಕೊಡೋದು."

ಗಾದ್ರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಕೊಯ್ದ್ರೆ ನಿಮಗೇನು ಬರ್ತೈತೆ ನರ್ಸಮ್ಮಾರೆ?"

ನಿರ್ಮಲಮ್ಮ ಸಿಟ್ಟಾಗಲಿಲ್ಲ. "ನನಗೆ ಏನೂ ಬರಲ್ಲ. ಕೊಯ್ಸಿಕೊಳ್ಳೋದು ಹಬ್ಬದೂಟ ಅಂತಾನೂ ನಾನು ಹೇಳಲ್ಲ. ರಕ್ತ ಹೋಗ್ತೈತೆ, ನೋವು ಇರ್ತೈತೆ, ಮೇಲೇಳಾಕೆ ದಿನ ಹಿಡೀತೈತೆ. ಯಾರಾದ್ರೂ ಕೊಯ್ತೀವಿ ಅಂದ್ರೆ ಯಾಕೆ, ಕೊಯ್ಯದಿದ್ರೆ ಏನಾಗ್ತೈತೆ ಅಂತ ನೀವು ಹಿಂಗೇ ಕೇಳ್ಬೇಕು. ಕೇಳೋದು ತಪ್ಪಲ್ಲ. ಆದ್ರೆ ನೋವು ಬಂದ ಮೇಲೆ ಕೇಳಾಕೆ ಟೈಮ್ ಇರಲ್ಲ, ಈಗಲೇ ಕೇಳ್ಬೇಕು."

ದಿನ ತುಂಬುವ ಮೂರು ವಾರ ಮೊದಲೇ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಬೇಕೆಂದಳು. ಅಲ್ಲಿಯತನಕ ಯಾರೂ ಹೊಟ್ಟೆ ಒತ್ತಬಾರದು, ನೋವು ಬರಲೆಂದು ಇಂಜೆಕ್ಷನ್ ಚುಚ್ಚಬಾರದು. ಹೊಂದುವ ರಕ್ತದವರು ಇಬ್ಬರು ಜೊತೆಯಲ್ಲಿರಬೇಕು, ಮನೆಯಲ್ಲಿರುವ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಅಷ್ಟನ್ನೂ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟಳು.

ಗಾದ್ರಮ್ಮ ನ್ಯಾಮತಿಗೆ ಬಂದು ಒಂದೇ ಉಸಿರಿಗೆ ಹೇಳಿದಳು. ಯಾರೂ ನಂಬಲಿಲ್ಲ! ಲಕ್ಷ್ಮಮ್ಮ ಮುಖ ತಿರುಗಿಸಿದಳು. ಜಯಪ್ಪ, "ಅವ್ವಾ, ಮೊದಲು ಮಗು ಬದಲಾಯಿಸಿದಾರೆ ಅಂದೆ. ಆಮೇಲೆ ನಾಳ ಕಟ್ಟಿದಾರೆ ಅಂದೆ. ಈಗ ಇದು. ನೋವು ಬಂದಾಗ ನೋಡೋಣ ಸುಮ್ನಿರು" ಎಂದು ಕೈಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟ. ಓಬವ್ವನ ಮುಖ ನೋಡಿದರೆ ಅಲ್ಲಿದ್ದದ್ದು ಹೆದರಿಕೆ.

"ನಾನು ಆಸ್ಪತ್ರೆಗೆ ಬರಲ್ಲ ಅತ್ತೆ."

"ಯಾಕೆ?"

"ನೀವೇ ಹೇಳ್ತಿದ್ರಲ್ಲ, ಬೇರು ಸಮೇತ ಕಿತ್ತು ಕಳಿಸ್ತಾರೆ ಅಂತ. ಕೊಯ್ದ ಹೆಣ್ಣು ಸಾಕಾಯ್ತು, ಮಕ್ಕಳಾಗದ ಹಂಗೆ ಮಾಡ್ಸಿ ಮಗನಿಗೆ ಬೇರೆ ತರಬೇಕು ಅಂತ ಏನಾರ ಐತಾ ನಿಮ್ಮ ಮನಸ್ನಾಗೆ?"

ನರ್ಸು ಬರೆದ ಹಾಳೆಯನ್ನು ಮುಂದೆ ಹಿಡಿದರೆ ಓಬವ್ವ ಕೂಡಿಸಿ ಕೂಡಿಸಿ ಓದಿ, "ಇದನ್ನೂ ನೀವೇ ಯಾರ ಕೈಲಾದ್ರೂ ಬರೆಸಿರಬೌದು" ಎಂದು ಹಿಂದಕ್ಕೆ ಕೊಟ್ಟಳು.

ಗಾದ್ರಮ್ಮ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ಮೂರು ವರ್ಷ ತಾನೇ ಈ ಹುಡುಗಿಯ ಕಿವಿಗೆ ಹುಯ್ದದ್ದು ಈಗ ಕಣ್ಣೆದುರು ನಿಂತಿತ್ತು. ಅವಳಿಗೆ ಅಳು ಬಂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ ಎಂದು ಆಮೇಲೆ ಅವಳೇ ಹೇಳಿಕೊಂಡದ್ದುಂಟು. ಅತ್ತು ಮುಗಿಸಿ ಮುಖ ತೊಳೆದು ಒಳಗೆ ಬಂದಳು.

"ನನ್ನ ಮಾತು ನಂಬಬ್ಯಾಡ ಓಬವ್ವ. ನಾಳೆ ಚನ್ನಗಿರಿಗೆ ನಡಿ. ನಾನು ಹೊರಗೆ ನಿಂತಿರ್ತೀನಿ. ನೀನೇ ಒಳಗೆ ಹೋಗಿ ಅವರನ್ನ ಕೇಳು. ಏನೇನು ಅನುಮಾನ ಐತೋ ಎಲ್ಲ ಕೇಳು."

ಹೆಂಡತಿಯ ಜೊತೆ ಜಯಪ್ಪನೂ ರಜೆ ಹಾಕಿ ಬಂದ. ಗಾದ್ರಮ್ಮ ಹೇಳಿದಂತೆ ಗೇಟಿನ ಬಳಿ, ತಮ್ಮ ನಿಂತಿದ್ದ ಜಾಗದಲ್ಲೇ ನಿಂತಳು. ಗಂಡ ಹೆಂಡತಿ ಹೊರಗೆ ಬರುವಷ್ಟರಲ್ಲಿ ಒಂದು ತಾಸಾಗಿತ್ತು. ಜಯಪ್ಪನ ಮುಖ ಬಿಳಿಚಿಕೊಂಡಿತ್ತು. ಅವನು ಅವ್ವನ ಕೈ ಹಿಡಿದುಕೊಂಡ. ಓಬವ್ವ, "ಶಿವಮೊಗ್ಗಕ್ಕೆ ಯಾವಾಗ ಹೋಗೋಣ ಅತ್ತೆ?" ಅಂದಳು.

ಶಿವಮೊಗ್ಗದ ಡಾಕ್ಟರಮ್ಮನಿಗೆ ಗಾದ್ರಮ್ಮ ಚೀಟಿಯನ್ನು ಮೂರನೇ ಸಲ ಓದಿಸಿದಳು. ಚನ್ನಗಿರಿಯ ಮಾತಿಗೆ ಅದು ತಾಳೆಯಾದ ಮೇಲೆಯೇ ಸೊಸೆಯ ಬಟ್ಟೆ ಗಂಟನ್ನು ವಾರ್ಡಿನ ಮಂಚದ ಕೆಳಗಿಟ್ಟಳು. ಜಯಪ್ಪನ ರಕ್ತ ಹೊಂದಲಿಲ್ಲ. ಓಬವ್ವನ ಅಣ್ಣನದು ಹೊಂದಿತು, ಇನ್ನೊಬ್ಬರು ಬೇಕಾಗಿತ್ತು. ಚಿಕ್ಕಹನುಮಂತಪ್ಪ ಬಂದವನು ಗೇಟಿನ ಹೊರಗೆ ಬಹಳ ಹೊತ್ತು ಬೀಡಿ ಸೇದುತ್ತಾ ನಿಂತಿದ್ದ. ಆಮೇಲೆ ಬೀಡಿ ಎಸೆದು, "ಎಲ್ಲಿ ಚುಚ್ತಾರೆ ತೋರ್ಸು ನಡಿಯಕ್ಕ" ಎಂದು ಒಳಗೆ ಬಂದ. ಆರು ವರ್ಷದ ಮೇಲೆ ಅವನು ದಾಟಿದ ಮೊದಲ ಗೇಟು ಅದು. ಅವನ ರಕ್ತವೂ ಹೊಂದಿತು.

ಆಪರೇಷನ್ನಿನ ದಿನ ಬೆಳಿಗ್ಗೆ ಡಾಕ್ಟರಮ್ಮ ಕಾಗದ ಹಿಡಿದು ಜಯಪ್ಪನ ಹತ್ತಿರ ಬಂದರು. "ಎರಡನೇ ಸಲ ಕೊಯ್ತಿದೀವಿ. ಇದರ ಜೊತೆಗೇ ನಾಳನೂ ಕಟ್ಟಿಬಿಡಬೌದು. ಏನಂತೀರಿ?"

ಜಯಪ್ಪ ಬಾಯಿ ತೆರೆಯುವ ಮೊದಲೇ ಗಾದ್ರಮ್ಮ ನಡುವೆ ಬಂದಳು. ಕಂಬದ ಬಳಿ ತೋಳು ಒತ್ತಿಕೊಂಡು ನಿಂತಿದ್ದ ತಮ್ಮನನ್ನು ತೋರಿಸಿ, "ಇವನನ್ನ ಅವತ್ತು ಯಾರೂ ಕೇಳ್ಲಿಲ್ಲ ಡಾಕ್ಟ್ರಮ್ಮಾ" ಅಂದಳು. "ಹೊಟ್ಟೆ ನನ್ನ ಮಗಂದಲ್ಲ. ಅವಳನ್ನ ಕೇಳ್ರಿ. ಅವಳು ಹ್ಞೂಂ ಅಂದ್ರೆ ಕಟ್ಟ್ರಿ, ಬ್ಯಾಡ ಅಂದ್ರೆ ಮುಟ್ಟಬ್ಯಾಡ್ರಿ."

ಡಾಕ್ಟರಮ್ಮ ಹೋಗಿ ಕೇಳಿದರು. ಓಬವ್ವ ಈಗ ಬೇಡ, ಮುಂದೆ ನೋಡೋಣ ಅಂದಳು. ಹಾಗೆಂದೇ ಬರೆದುಕೊಂಡರು.

ಹನ್ನೊಂದು ಗಂಟೆಯ ಹೊತ್ತಿಗೆ ಗಂಡುಮಗು ಹುಟ್ಟಿತು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಹಳೇ ಗಾಯ ಈರುಳ್ಳಿ ಸಿಪ್ಪೆ ಹಂಗೆ ತೆಳ್ಳಗಾಗಿತ್ತು. ಒಂದು ದಿನ ನೋವು ತಿಂದಿದ್ರೂ ಇಬ್ಬರೂ ಉಳೀತಿರಲಿಲ್ಲ. ಇದು ನಿಮಗೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದರು.

"ಅಂಗಡಿಯೋನು ಕಾಗದ ತಿರುಗಿಸ್ಲಿಲ್ಲ" ಎಂದಳು ಗಾದ್ರಮ್ಮ. ಡಾಕ್ಟರಮ್ಮನಿಗೆ ಅದು ಅರ್ಥವಾಗಲಿಲ್ಲ. ಗಾದ್ರಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.

ನ್ಯಾಮತಿಗೆ ಬಂದು ಪುರುಡು ಕಳೆಯುವ ದಿನ ಗಂಟು ಕಟ್ಟುವ ಮೊದಲು ಗಾದ್ರಮ್ಮ ಪ್ರತಿ ಸೀರೆಯ ಪ್ರತಿ ಮಡಿಕೆಯನ್ನೂ ಕೊಡವಿ ನೋಡಿದಳು. ಹೊಸ ಚೀಟಿಯನ್ನು ಮೊದಲೇ ತೆಗೆದಿಟ್ಟಿದ್ದಳು. ಹಳೆಯದರ ಜೊತೆ ಸೇರಿಸಿ, ಬಟ್ಟೆಯ ಚೀಲಕ್ಕೆ ಹಾಕಿ, ಬಾಣಂತಿಯ ಕೈಗೆ ಕೊಟ್ಟಳು. ಪುರುಡಿನ ಕಾಗದ ಮನೆಯೊಳಗೆ ಇಡಬಾರದೆಂದು ನೆರೆಯವರು ಅಂದದ್ದಕ್ಕೆ, ಇಡದಿದ್ದರೆ ಏನಾಗುತ್ತಿತ್ತೆಂದು ತನಗೆ ಗೊತ್ತಿದೆ ಎಂದಳು.

"ಇದು ನಿನ್ನ ಹತ್ರಾನೇ ಇರಲಿ ಓಬವ್ವ. ತವರಿಗೂ ಬ್ಯಾಡ, ನನಗೂ ಬ್ಯಾಡ. ನೀನು ಹೋದಲ್ಲಿಗೆ ಇದು ಬರಬೇಕು."

ಓಬವ್ವ ಹೊಸ ಚೀಟಿ ಬಿಡಿಸಿ ಮುಂಬದಿ ನೋಡಿದಳು, ತಿರುಗಿಸಿ ನೋಡಿದಳು. ಅಲ್ಲೂ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿತ್ತು.

"ಅತ್ತೆ, ಹಿಂಬದಿ ಓದಿಸಿದ್ರಾ?"

ಗಾದ್ರಮ್ಮ ಓದಿಸಿರಲಿಲ್ಲ. ನಾಳ ಮುಟ್ಟಿಲ್ಲ, ಎಲ್ಲ ಚೆನ್ನಾಗಿದೆ ಎಂದು ಡಾಕ್ಟರಮ್ಮ ಹೇಳಿದ್ದನ್ನು ಹಾಗೆಯೇ ನಂಬಿಕೊಂಡು ಬಂದಿದ್ದಳು.

"ಇಲ್ಲ ಕಣವ್ವ" ಅಂದಳು. "ನೀನು ಮೇಲೆದ್ದ ಮೇಲೆ ಇಬ್ರೂ ಚನ್ನಗಿರಿಗೆ ಹೋಗಿ ಓದಿಸ್ಕೊಂಡು ಬರೋಣ."